ಗರಸಿನ ದಾರಿಗಳ ಪಟ್ಟಿ

ಹೋದ ತಿಂಗಳು ಮಾನ್ವಿಯಿಂದ ರಾಯಚೂರಿಗೆ ಬರುವಾಗ ನಮ್ಮ ಬಸ್ಸಿನ ಗಾಲಿಯ ಗಾಳಿ ಹೋಗಿ, ರಸ್ತೆ ಬದಿಯ ಪಂಕ್ಚರ್ ಅಂಗಡಿಯೊಂದರ ಮುಂದೆ ಒಂದು ತಾಸು ನಿಲ್ಲಬೇಕಾಯಿತು. ಅಂಗಡಿಯವನು ಟ್ಯೂಬನ್ನು ಉಜ್ಜಿ ಸಲೂಷನ್ ಹಚ್ಚಿದ. ಅದರ ವಾಸನೆ ಗಾಳಿಗೆ ತೇಲಿ ನಾನು ಕೂತಿದ್ದ ಕಲ್ಲಿನವರೆಗೆ ಬಂತು. ಆ ವಾಸನೆಗೆ ಕೆಲವರಿಗೆ ತಲೆ ನೋಯುತ್ತದೆ. ನನಗೆ ಸಿಟ್ಟು ಬರುತ್ತದೆ. ನಲವತ್ತು ವರ್ಷವಾಯಿತು, ಇನ್ನೂ ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ ನಾನು ಸರಿಯಾಗಿ ಹೇಳಲಾರೆ. ಹೇಳಬೇಕೆಂದರೆ ಆ ವರ್ಷದ ಕಥೆಯನ್ನೇ ಹೇಳಬೇಕು.

ದೊಡ್ಡ ಯುದ್ಧ ನಡೆದಿದ್ದ ಕಾಲ ಅದು. ಯುದ್ಧ ಎಲ್ಲಿಯೋ ದೂರದಲ್ಲಿತ್ತು. ಅದರ ಬಿಸಿ ಮಾತ್ರ ರಾಯಚೂರಿನ ಬಜಾರಿನವರೆಗೆ ಬಂದು ಮುಟ್ಟಿತ್ತು. ಪೆಟ್ರೋಲು ಇಲ್ಲ, ಚಿಮಣಿಎಣ್ಣೆ ಇಲ್ಲ, ಸೈಕಲ್ಲಿನ ಟಯರಂತೂ ಕನಸಿನಲ್ಲಿಯೂ ಇಲ್ಲ. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದರೆ ಕೂತವರೇ ಇಳಿದು ನೂಕಬೇಕಿತ್ತು. ಊರಿನಲ್ಲಿ ಕಾಳುಕಡಿಗೆ ರೇಷನ್ ಬಂದಿತ್ತು. ಒಂದು ತಾಲ್ಲೂಕಿನ ಜೋಳ ಇನ್ನೊಂದು ತಾಲ್ಲೂಕಿಗೆ ಹೋಗದಂತೆ ದೊಡ್ಡ ಸಡಕಿನ ಮೇಲೆ ಅಲ್ಲಲ್ಲಿ ನಾಕೆಗಳು ಎದ್ದಿದ್ದವು. ಬೊಂಬು ಅಡ್ಡ ಹಾಕಿ, ಚಕ್ಕಡಿ ನಿಲ್ಲಿಸಿ, ಗಂಟು ಬಿಚ್ಚಿಸಿ ನೋಡುವ ಜವಾನರು ಅಲ್ಲಿ ಕೂತಿರುತ್ತಿದ್ದರು.

ಆಗ ನನಗೆ ಇಪ್ಪತ್ತು ವರ್ಷ. ಗಿಲ್ಲೆಸುಗೂರಿನ ಒಕ್ಕಲು ಮನೆಯ ಹುಡುಗ ನಾನು. ಉರ್ದುವಿನಲ್ಲಿ ಏಳನೆಯ ಇಯತ್ತೆ ಪಾಸಾಗಿ, ರಾಯಚೂರಿನ ಒಂದು ಸರಕಾರಿ ದಫ್ತರದಲ್ಲಿ ಹಂಗಾಮಿ ಗುಮಾಸ್ತನಾಗಿ ಸೇರಿದ್ದೆ. ಹಂಗಾಮಿ ಎಂದರೆ ಇವತ್ತು ಇದ್ದೀಯೆ, ನಾಳೆ ಗೊತ್ತಿಲ್ಲ ಎಂದು ಅರ್ಥ. ಊರಿನಲ್ಲಿ ಅವ್ವ ಮತ್ತು ಇಬ್ಬರು ತಂಗಿಯರು ನನ್ನ ಹೆಸರಿನ ಮುಂದೆ ಕಾಯಂ ಎಂಬ ಶಬ್ದ ಕೂಡುವ ದಿನಕ್ಕಾಗಿ ಕಾಯುತ್ತಿದ್ದರು.

ಆ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಮಾನ್ವಿಯ ಸಡಕಿನಲ್ಲಿ ಒಂದು ಮಿಲಿಟರಿ ಲಾರಿ ನಮ್ಮ ದಫ್ತರದ ಜವಾನನ ಸೈಕಲ್ಲಿಗೆ ತಾಗಿತು. ಜವಾನ ಬದುಕಿದ, ಸೈಕಲ್ಲು ಬದುಕಲಿಲ್ಲ. ಎರಡು ಗಾಲಿಯ ಟಯರೂ ಹರಿದುಹೋದವು. ಆ ಕಾಲದಲ್ಲಿ ದಫ್ತರಕ್ಕೆ ಅದೇ ದೊಡ್ಡ ನಷ್ಟ. ಎಂಟು ದಿನದಲ್ಲಿ ಹುಕುಂ ಬಂತು. ಮಾನ್ವಿ ಮತ್ತು ದೇವದುರ್ಗದ ಕಡೆಗೆ ಕಾಗದಪತ್ರ ಒಯ್ಯಲು, ರಾಯಚೂರಿನ ಸುತ್ತಮುತ್ತ ಲಾರಿ ಚಕ್ಕಡಿಗಳ ಓಡಾಟವಿಲ್ಲದ, ಕೆಂಪು ಜಲ್ಲಿಮಣ್ಣು ಹಾಸಿದ ಗಟ್ಟಿ ಗರಸಿನ ನೆಲದ ಸೈಕಲ್ ದಾರಿಗಳನ್ನು ಹುಡುಕಿ, ಅಳತೆ ಸಮೇತ ಪಟ್ಟಿ ಮಾಡಿ, ನಕಾಶೆ ಬರೆದು ಕೊಡತಕ್ಕದ್ದು.

ಹೆಡ್ ಕ್ಲರ್ಕ್ ನರಸಿಂಗರಾಯರು ನನ್ನನ್ನು ಕರೆದರು. ದಫ್ತರದಲ್ಲಿ ಸೈಕಲ್ ತುಳಿಯಬಲ್ಲ ಜವಾನರಿಗೆ ಬರೆಯಲು ಬರುತ್ತಿರಲಿಲ್ಲ. ಬರೆಯಬಲ್ಲ ಗುಮಾಸ್ತರಿಗೆ ಸೈಕಲ್ ಬರುತ್ತಿರಲಿಲ್ಲ. ಎರಡೂ ಬರುತ್ತಿದ್ದವನು ನಾನೊಬ್ಬ.

"ಏನಪಾ ಅಮರೇಶ, ನಿನ್ನ ನಸೀಬು ತೆರದದ" ಎಂದರು ರಾಯರು. "ಜ್ವಾಳದ ಸುಗ್ಗಿ ಮುಗಿಯೋದ್ರಾಗ ಪಟ್ಟಿ ನನ್ನ ಮೇಜಿನ ಮ್ಯಾಲೆ ಇರಬೇಕು. ಇದ್ದರ ಕಾಯಂ ಆಗ್ತಿ. ಇರಲಿಲ್ಲ ಅಂದ್ರ ಗಿಲ್ಲೆಸುಗೂರಾಗ ಹೊಲ ಕಾಯ್ಕೋತ ಕುಂಡ್ರು."

ಸೈಕಲ್ಲು ಕೊಟ್ಟವರು ಸ್ಟೇಷನ್ ಹತ್ತಿರ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಇಮಾಮಸಾಬ. ನಾನು ಸೈಕಲ್ ಕಲಿತದ್ದೇ ಅವರ ಅಂಗಡಿಯಲ್ಲಿ. ದಫ್ತರದ ಚೀಟಿ ನೋಡಿ, ಇದ್ದುದರಲ್ಲಿಯೇ ಒಂದನ್ನು ಹೊರಗೆ ತಂದರು. ಹಿಂದಿನ ಟಯರಿನ ಒಳಗೆ ಹಳೆಯ ಟಯರಿನ ತುಂಡುಗಳನ್ನು ಇಟ್ಟು ಹೊಲಿದಿದ್ದರು. ಗಾಲಿ ಒಂದು ಸುತ್ತು ತಿರುಗಿದರೆ ಒಂದು ಸಲ ಕುಂಟುತ್ತಿತ್ತು.

"ಇದಕ್ಕ ಜೀವ ಇಲ್ಲ ಬೇಟಾ" ಎಂದರು. "ನೀ ನಡಸಿದಷ್ಟು ದಿನ ನಡೀತದ. ಕಲ್ಲು ಮುಳ್ಳು ನೋಡಿ ಹೋಗು."

ಕಲ್ಲು ಮುಳ್ಳು ಬಿಟ್ಟರೆ ನೋಡಲು ಬೇರೆ ಏನಿತ್ತು ಅಲ್ಲಿ?

ಮೊದಲ ಒಂದು ತಿಂಗಳನ್ನು ನೆನೆದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಅಳತೆಗೆ ನಮ್ಮಲ್ಲಿ ಯಾವ ಯಂತ್ರವೂ ಇರಲಿಲ್ಲ. ಮುಂದಿನ ಗಾಲಿಗೆ ಒಂದು ಕೆಂಪು ಚಿಂದಿ ಕಟ್ಟಿದ್ದೆ. ಅದು ಮೇಲೆ ಬಂದಾಗಲೆಲ್ಲ ಒಂದು ಎಂದು ಎಣಿಸಬೇಕು, ನೂರಾದರೆ ಜೇಬಿನಲ್ಲಿದ್ದ ಹುಣಸೆಬೀಜವೊಂದನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಬೇಕು. ಎಂಬತ್ತೋ ತೊಂಬತ್ತೋ ಆಗಿರುವಾಗ ಹೊಲದಲ್ಲಿದ್ದವರು ಯಾರೋ "ಯಾಕಡಿ ಹೊಂಟೀರಿ?" ಎಂದು ಕೇಳುತ್ತಿದ್ದರು. ಉತ್ತರ ಕೊಟ್ಟರೆ ಎಣಿಕೆ ಹೋಯಿತು. ಕೊಡದಿದ್ದರೆ, ಸರಕಾರದವರಿಗೆ ಸೊಕ್ಕು ನೋಡು ಎನ್ನುತ್ತಿದ್ದರು. ಒಂದೇ ದಾರಿಯನ್ನು ನಾನು ನಾಲ್ಕು ಸಲ ಅಳೆದದ್ದಿದೆ. ನಾಲ್ಕು ಸಲವೂ ಬೇರೆ ಬೇರೆ ಉತ್ತರ ಬಂದದ್ದಿದೆ.

ಮಳೆ ನಿಂತಿದ್ದರೂ ಕರಿನೆಲ ಆರಿರಲಿಲ್ಲ. ಎರೆಮಣ್ಣು ಗಾಲಿಗೆ ಹತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸೈಕಲ್ಲು ನಿಂತಲ್ಲಿಯೇ ಹೂತುಹೋಗುತ್ತಿತ್ತು. ಕಡ್ಡಿಯಿಂದ ಕೆರೆದು ನಾಲ್ಕು ಮಾರು ಹೋದರೆ ಮತ್ತೆ ಅದೇ ಗತಿ. ಅದು ಆರಿದ ಮೇಲೆ ನೆಗ್ಗಿಲು ಮುಳ್ಳಿನ ಕಾಟ ಶುರುವಾಯಿತು. ದೇವದುರ್ಗದ ಕಡೆಗೆ ಹೋದ ದಿನ ಒಂದೇ ಮಧ್ಯಾಹ್ನದಲ್ಲಿ ಐದು ಪಂಕ್ಚರ್ ಆಯಿತು. ತೇಪೆ ಹಾಕಲು ರಬ್ಬರು ಮುಗಿದು, ಸಲೂಷನ್ ಮುಗಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಆರು ಮೈಲಿ ನಡೆದೆ. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕ ಕೇಳಿದ: "ತಮ್ಮಾ, ಇದು ನಿನ್ನ ಮ್ಯಾಲೆ ಹತ್ತತದೋ, ನೀ ಇದರ ಮ್ಯಾಲೆ ಹತ್ತತೀಯೋ?"

ಇವೆಲ್ಲಕ್ಕಿಂತ ಹೆಚ್ಚಿನ ತೊಂದರೆ ಎಂದರೆ ಜನ ಸುಳ್ಳು ಹೇಳುತ್ತಿದ್ದರು. ಕಾಗದ, ಪೆನ್ಸಿಲು, ಸರಕಾರದ ಚೀಟಿ ಹಿಡಿದು ಬಂದವನಿಗೆ ಯಾರು ನಿಜ ಹೇಳುತ್ತಾರೆ? ಕಂದಾಯ ಹೆಚ್ಚಿಸಲು ಬಂದವನೆಂದು ಕೆಲವರು, ಹುಡುಗರನ್ನು ಯುದ್ಧಕ್ಕೆ ಹಿಡಿದೊಯ್ಯಲು ಬಂದವನೆಂದು ಕೆಲವರು ತಿಳಿದರು. ಇದ್ದ ದಾರಿಯನ್ನು ಇಲ್ಲ ಎಂದರು, ಇಲ್ಲದ ದಾರಿಯನ್ನು ತೋರಿಸಿದರು. ಹಾಗೆ ತೋರಿಸಿದ ಒಂದು ದಾರಿ ನನ್ನನ್ನು ನೇರವಾಗಿ ಒಂದು ಕಣದೊಳಗೆ ಕರೆದೊಯ್ದಿತು. ಅಲ್ಲಿ ಎಮ್ಮೆಯೊಂದು ಕಟ್ಟಿತ್ತು, ಮುಂದೆ ಗೋಡೆ ಇತ್ತು.

ತಿಂಗಳ ಕೊನೆಯಲ್ಲಿ ರಾಯರು ನನ್ನ ಕಾಗದ ನೋಡಿದರು. ಎರಡೇ ದಾರಿಗಳಿದ್ದವು, ಎರಡೂ ಹಳ್ಳದಲ್ಲಿ ಮುಗಿಯುತ್ತಿದ್ದವು.

"ಜವಾನರಿಗೆ ಈಜು ಕಲಸೂಣೇನು?" ಎಂದು ಕೇಳಿ ಕಾಗದ ಹಿಂದಕ್ಕೆ ಕೊಟ್ಟರು.

ಹನುಮವ್ವ ಸಿಕ್ಕದ್ದು ಅದರ ಮರುವಾರ. ಮಾನ್ವಿ ತಾಲ್ಲೂಕಿನ ಮಲ್ಲಟದ ಹತ್ತಿರ ದೊಡ್ಡ ಸಡಕಿನ ಬದಿಗೆ, ಬೇವಿನ ಗಿಡದ ನೆರಳಿನಲ್ಲಿ, ಜಲ್ಲಿಯ ಖಡಿಕಲ್ಲು ಒಡೆಯುತ್ತ ಕೂತಿದ್ದಳು. ನಲವತ್ತು ದಾಟಿದ ಹೆಂಗಸು. ಎಡಗೈಯ ಬೆರಳುಗಳಿಗೆ ಹಳೆಯ ಬಟ್ಟೆ ಸುತ್ತಿಕೊಂಡು, ಬಲಗೈಯಲ್ಲಿ ಸುತ್ತಿಗೆ ಹಿಡಿದಿದ್ದಳು. ನನ್ನ ಹಿಂದಿನ ಗಾಲಿ ಆಗಲೇ ಗಾಳಿ ಬಿಟ್ಟಿತ್ತು. ಸೈಕಲ್ಲನ್ನು ಅಲ್ಲಿಯೇ ಮಲಗಿಸಿ ನೀರು ಕೇಳಿದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿ, "ನಾವು ಕೇರಿಯವರು. ಕುಡೀತೀಯೇನು?" ಎಂದು ಕೇಳಿದಳು. ಬಾಯಿ ಒಣಗಿದವನಿಗೆ ಅದೆಲ್ಲ ಬೇಕಿರಲಿಲ್ಲ. ಕುಡಿದೆ.

"ಯಾವ ಊರು?"

"ಗಿಲ್ಲೆಸುಗೂರು."

ಸುತ್ತಿಗೆ ನಿಂತಿತು. "ನಂದು ತವರು ಅದ" ಎಂದಳು. "ಊರ ಅಗಸಿ ಬಾಜುಕಿನ ಹುಣಸಿಗಿಡ ಇನ್ನಾ ಅದ ಏನು?"

ಗಿಡ ಇದೆ ಎಂದೆ. ಆ ಗಿಡದ ಕೆಳಗೆ ನಾನು ಆಡಿ ಬೆಳೆದದ್ದನ್ನೂ ಹೇಳಿದೆ. ಆಮೇಲೆ ನನ್ನ ಕೆಲಸವನ್ನು, ನನ್ನ ಸಂಕಟವನ್ನು, ಎರಡು ದಾರಿಗಳು ಹಳ್ಳದಲ್ಲಿ ಮುಗಿದದ್ದನ್ನು ಎಲ್ಲ ಹೇಳಿದೆ. ಒಂದು ತಿಂಗಳಿಂದ ಯಾರೂ ನನ್ನೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ಆಕೆ ನಗಲಿಲ್ಲ.

"ಕರಿನೆಲದಾಗ ಹುಡುಕಿದ್ರ ಎಲ್ಲಿ ಸಿಗತದ ತಮ್ಮಾ? ಕರಿನೆಲ ಮಳಿಗಾಲದಾಗ ಕಾಲು ಹಿಡೀತದ, ಬ್ಯಾಸಿಗ್ಯಾಗ ಬಾಯಿ ಬಿಡತದ. ಗರಸು ಹಾಕಿದ ನೆಲ ಹೇಳಿದಂಗ ಕೇಳತದ. ಗರಸು ಎಲ್ಲೆಲ್ಲಿ ಹಾಕೀವಿ ಅಂತ ಹಾಕಿದೋರಿಗೆ ಗೊತ್ತು."

ಆಕೆ ಹೇಳಿದ ಮೇಲೆ ನನಗೆ ತಿಳಿಯಿತು. ಹಿಂದೆ ಬರ ಬಿದ್ದ ವರ್ಷಗಳಲ್ಲಿ ಜನರಿಗೆ ಕೂಲಿ ಕೊಡಬೇಕೆಂದು ಅಲ್ಲಲ್ಲಿ ಸಡಕು ತೆಗೆಸಿದ್ದರು. ಮಳೆ ಬಂದ ಮೇಲೆ ಕೂಲಿ ನಿಂತಿತು, ಸಡಕೂ ನಿಂತಿತು. ಎಷ್ಟೋ ಕಡೆ ಹಳ್ಳಕ್ಕೆ ಸೇತುವೆಯೇ ಆಗಲಿಲ್ಲ. ಚಕ್ಕಡಿಗಳು ಆ ಕಡೆ ಹೋಗಲಿಲ್ಲ, ಹುಲ್ಲು ಬೆಳೆಯಿತು, ದಫ್ತರದವರು ಮರೆತರು. ಹುಲ್ಲಿನ ಕೆಳಗೆ ಕೆಂಪು ಗರಸು ಮಾತ್ರ ಹಾಕಿದಂತೆಯೇ ಗಟ್ಟಿಯಾಗಿ ಕೂತಿತ್ತು. ಹನುಮವ್ವ ತನ್ನ ಅವ್ವನೊಂದಿಗೆ ಬುಟ್ಟಿ ಹೊತ್ತು ಅದನ್ನು ಹಾಕಿದವಳು. ಹಳ್ಳವನ್ನು ಎಲ್ಲಿ ಇಳಿದರೆ ಬಂಡೆ ಸಿಗುತ್ತದೆ, ಎಲ್ಲಿ ಉಸುಕು ಸಿಗುತ್ತದೆ ಎನ್ನುವುದು ಅವಳ ಪಾದಕ್ಕೆ ಗೊತ್ತಿತ್ತು.

ಅಮಾವಾಸ್ಯೆಗೆ ಕಲ್ಲಿನ ಕೆಲಸಕ್ಕೆ ರಜೆ. ಆ ದಿನ ಬಾ ಎಂದಳು. ಹೋದೆ. ಆಕೆ ತಲೆಯ ಮೇಲೆ ಕಟ್ಟಿಗೆಯ ಹೊರೆ ಇಟ್ಟುಕೊಂಡು ಬರಿಗಾಲಿನಲ್ಲಿ ಮುಂದೆ ನಡೆದಳು. ನಾನು ಸೈಕಲ್ಲು ನೂಕುತ್ತ ಹಿಂದೆ ನಡೆದೆ. ಒಂದು ಮೈಲಿ ನಡೆದಿರಬಹುದು, ಹುಲ್ಲಿನ ನಡುವೆ ನೆಲ ಕೆಂಪಾಯಿತು.

"ಈಗ ಹತ್ತು" ಎಂದಳು.

ಹತ್ತಿದೆ. ಆ ಒಂದು ಕ್ಷಣವನ್ನು ಮಾತ್ರ ನಾನು ಸಿಟ್ಟಿಲ್ಲದೆ ನೆನೆಯಬಲ್ಲೆ. ಗಾಲಿಯ ಕೆಳಗೆ ಗರಸು ಹುರಿದ ಕಡಲೆಯನ್ನು ಅಗಿದಂತೆ ಕರಕರ ಸದ್ದು ಮಾಡುತ್ತಿತ್ತು. ಎಡಕ್ಕೆ ಬಿಳಿಜೋಳ ಎದೆಯೆತ್ತರ ಬೆಳೆದಿತ್ತು, ಬಲಕ್ಕೆ ಹತ್ತಿ ಒಡೆದಿತ್ತು. ಲಾರಿಯಿಲ್ಲ, ಚಕ್ಕಡಿಯಿಲ್ಲ, ಧೂಳಿಲ್ಲ. ಕುಂಟುವ ಹಿಂದಿನ ಗಾಲಿ ಕೂಡ ಕುಂಟುವುದನ್ನು ಮರೆತಂತಿತ್ತು. ಎಣಿಸುವುದನ್ನು ನಾನೂ ಮರೆತೆ. ಮರುದಿನ ಮತ್ತೆ ಬಂದು ಅಳೆಯಬೇಕಾಯಿತು.

ಸಂಕ್ರಾಂತಿಯ ಹೊತ್ತಿಗೆ ನನ್ನ ಕಾಗದ ತುಂಬಿತು. ಹನುಮವ್ವ ತಾನು ಕಂಡ ದಾರಿಗಳನ್ನು ತೋರಿಸಿದಳು. ಕಾಣದ ದಾರಿಗಳನ್ನು ಕಲ್ಲೊಡೆಯುವ ಬೇರೆ ಗುಂಪಿನ ಹೆಂಗಸರಿಂದ ಕೇಳಿ ಹೇಳಿದಳು. ಮಾನ್ವಿಗೆ ಒಂದು, ದೇವದುರ್ಗದ ಕಡೆಗೆ ಗುಡ್ಡದ ಸೆರಗಿನಲ್ಲಿ ಇನ್ನೊಂದು. ರಾಯಚೂರಿನ ಸುತ್ತಲೂ, ಹತ್ತಿ ಗಿರಣಿಗಳ ಹಿಂದೆ, ಮಾವಿನ ಕೆರೆಯ ಆಚೆ, ಊರ ಗುಡ್ಡದ ಬೆನ್ನು ಬಳಸಿಕೊಂಡು ಹೋಗುವ ಮೂರು ನಾಲ್ಕು ತುಂಡುಗಳು. ಎಲ್ಲಕ್ಕಿಂತ ಒಳ್ಳೆಯದು ಮಲ್ಲಟದ ದಾರಿ. ಅದು ದೊಡ್ಡ ಸಡಕನ್ನು ಎಲ್ಲಿಯೂ ಮುಟ್ಟದೆ ರಾಯಚೂರಿನ ಗುಡ್ಡದ ಹಿಂಬದಿಗೆ ಬಂದು ಸೇರುತ್ತಿತ್ತು.

ಆ ದಾರಿಯನ್ನು ಕೊನೆಯ ಸಲ ಅಳೆಯುತ್ತಿದ್ದ ದಿನ ಹನುಮವ್ವ ಎದುರಿಗೆ ಸಿಕ್ಕಳು. ಅವಳ ಹಿಂದೆ ಇನ್ನೂ ಮೂವರು ಹೆಂಗಸರಿದ್ದರು. ಎಲ್ಲರ ತಲೆಯ ಮೇಲೆಯೂ ಕಟ್ಟಿಗೆಯ ಹೊರೆ. ಕಟ್ಟಿಗೆ ಅಷ್ಟು ಭಾರ ಇರುವುದಿಲ್ಲ ಎಂದು ಅವರ ಕುತ್ತಿಗೆ ನೋಡಿಯೇ ತಿಳಿಯಿತು. ಹೊರೆಯ ನಡುವೆ ಜೋಳದ ಗಂಟು ಇತ್ತು.

ಆಕೆ ಮುಚ್ಚಿಡಲಿಲ್ಲ. ಹೊರೆ ಇಳಿಸಿ, ಉಸಿರು ತೆಗೆದುಕೊಂಡು ಹೇಳಿದಳು. ಮಗಳು ದುರುಗವ್ವನನ್ನು ರಾಯಚೂರಿಗೆ ಕೊಟ್ಟಿದೆ. ಹತ್ತಿ ಗಿರಣಿಯಲ್ಲಿ ಕೆಲಸ. ಬಾಣಂತಿ. ರೇಷನ್ನಿನ ಕಾಳು ಹದಿನೈದು ದಿನ ಬರಬೇಕಾದದ್ದು ಹತ್ತು ದಿನಕ್ಕೆ ಮುಗಿಯುತ್ತದೆ. ದೊಡ್ಡ ಸಡಕಿನಲ್ಲಿ ಹೋದರೆ ನಾಕೆಯವರು ಗಂಟು ಬಿಚ್ಚಿಸುತ್ತಾರೆ. ಅದಕ್ಕೆ ಈ ದಾರಿ.

"ನಮ್ಮ ಕೂಲಿ ಜ್ವಾಳ ಇದು, ಕದ್ದದ್ದಲ್ಲ" ಎಂದಳು. ಆಮೇಲೆ, ಹೊರೆಗೆ ಕೈ ಹಾಕುತ್ತ, "ಇದನ್ನ ಬರೀಬ್ಯಾಡ ತಮ್ಮಾ."

"ನಾ ದಾರಿ ಬರೀತೀನಿ ಯಕ್ಕಾ" ಎಂದೆ. "ದಾರ್ಯಾಗ ಹೋಗೋರನ್ನ ಬರಿಯಂಗಿಲ್ಲ."

ಎಷ್ಟು ಚೆನ್ನಾಗಿ ಹೇಳಿದೆ ಎಂದು ಆಗ ನನಗೆ ಅನ್ನಿಸಿತ್ತು.

ಮರುದಿನ ಮಧ್ಯಾಹ್ನ ದಫ್ತರದಲ್ಲಿ ಪಟ್ಟಿಯ ಸಾಫ್ ಪ್ರತಿ ಬರೆಯಲು ಕೂತೆ. ಮಲ್ಲಟದ ದಾರಿಯ ಹತ್ತಿರ ಬಂದಾಗ ಬರೆಯುತ್ತಿದ್ದ ಟಾಕು ನಿಂತಿತು. ಇದನ್ನು ಬಿಟ್ಟರೆ ಏನಾಗುತ್ತದೆ? ಏನೂ ಆಗುತ್ತಿರಲಿಲ್ಲ. ಒಂದು ಸಾಲು ಕಡಿಮೆ ಇದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಳಿದ ದಾರಿಗಳೇ ಕೆಲಸಕ್ಕೆ ಸಾಕಿದ್ದವು. ಇಷ್ಟನ್ನೂ ನಾನು ಯೋಚಿಸಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಆದರೆ ಅದು ಎಲ್ಲಕ್ಕಿಂತ ಒಳ್ಳೆಯ ದಾರಿ. ಅದಿಲ್ಲದೆ ಪಟ್ಟಿ ಸಪ್ಪಗೆ ಕಾಣುತ್ತಿತ್ತು. ನರಸಿಂಗರಾಯರ ಮುಖ ನೆನಪಾಯಿತು, ಈಜು ಕಲಿಸುವ ಮಾತು ನೆನಪಾಯಿತು. ಬಿಡಲಿಲ್ಲ. ಮೊದಲನೆಯ ಸಾಲಿನಲ್ಲಿಯೇ ಬರೆದೆ.

ಪಟ್ಟಿ ನೋಡಿ ನಮ್ಮ ದಫ್ತರದ ಸಾಹೇಬರು ಬಹಳ ಖುಷಿಪಟ್ಟರು. ತಲೆಗೆ ಸೋಲಾ ಹ್ಯಾಟು ಹಾಕಿಕೊಂಡು, ತಮ್ಮದೇ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಕರೆದುಕೊಂಡು, ಮಲ್ಲಟದ ದಾರಿಯಲ್ಲಿ ಅರ್ಧದವರೆಗೆ ಹೋಗಿ ಬಂದರು. ದೊಡ್ಡ ಮನುಷ್ಯ ಸಣ್ಣ ಹುಡುಗನ ಹಾಗೆ ಗಂಟೆ ಬಾರಿಸುತ್ತ ಹೋದ. ಆ ದಿನ ದಾರಿಯಲ್ಲಿ ಯಾರೂ ಸಿಗಲಿಲ್ಲ. ನಾನು ಮನಸ್ಸಿನಲ್ಲಿಯೇ ದೇವರಿಗೆ ಕೈ ಮುಗಿದೆ.

ನಮ್ಮ ಆವರಣದಲ್ಲಿಯೇ ಇನ್ನೊಂದು ಕಚೇರಿ ಇತ್ತು. ಜೋಳ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಕಾಗದಗಳು ಆ ಬಾಗಿಲಿನಿಂದ ದಿನಾ ಓಡಾಡುತ್ತಿದ್ದವು. ನಾನು ಅದನ್ನು ದಿನಾ ನೋಡುತ್ತಿದ್ದೆ.

ಸುಗ್ಗಿ ಮುಗಿದು ಹತ್ತು ದಿನವಾಗಿರಬಹುದು. ದಾರಿ ಗೊತ್ತಿದ್ದವನೆಂದು ಕಾಗದ ಒಯ್ಯುವ ಕೆಲಸವೂ ನನಗೆ ಬಂದಿತ್ತು. ದಫ್ತರದ ಚೀಲ ಕಟ್ಟಿಕೊಂಡು ಮಲ್ಲಟದ ದಾರಿಯಲ್ಲಿ ಹೊರಟಿದ್ದೆ. ಗುಡ್ಡದ ಹಿಂಬದಿಗೆ ಬಂದಾಗ ಎದುರಿಗೆ ಬೊಂಬು ಕಂಡಿತು. ಹೊಸ ಬೊಂಬು, ಇನ್ನೂ ಹಸಿರಾಗಿತ್ತು. ಎರಡು ಕವೆಗೋಲಿನ ಮೇಲೆ ಗರಸಿಗೆ ಅಡ್ಡವಾಗಿ ಇಟ್ಟಿದ್ದರು. ಪಕ್ಕದಲ್ಲಿ ಸೋಗೆಯ ಚಪ್ಪರ, ಅದರ ಕೆಳಗೆ ಇಬ್ಬರು ಜವಾನರು. ಗೋಣಿಚೀಲದ ಮೇಲೆ ಸುರಿದ ಜೋಳದ ರಾಶಿ. ಚಪ್ಪರದ ಕಂಬಕ್ಕೆ ಮೊಳೆ ಹೊಡೆದು ಒಂದು ನಕಾಶೆ ತೂಗುಹಾಕಿದ್ದರು. ಹತ್ತಿರ ಹೋಗಿ ನೋಡುವ ಅಗತ್ಯವಿರಲಿಲ್ಲ. ಅಕ್ಷರ ನನ್ನದು. ಹಳ್ಳದಲ್ಲಿ ಬಂಡೆ ಇರುವ ಜಾಗಕ್ಕೆ ನಾನು ಹಾಕಿದ ಕೆಂಪು ಚುಕ್ಕೆ ದೂರಕ್ಕೇ ಕಾಣುತ್ತಿತ್ತು.

ರಾಶಿಯ ಪಕ್ಕದಲ್ಲಿ ಐದಾರು ಹೆಂಗಸರು ಕೂತಿದ್ದರು. ಹನುಮವ್ವ ಕೊನೆಗೆ ಕೂತಿದ್ದಳು. ಅವಳ ಮುಂದೆ ಬಿಚ್ಚಿದ ಕಟ್ಟಿಗೆ ಹರಡಿತ್ತು.

ನಾನು ಸೈಕಲ್ಲಿನಿಂದ ಇಳಿದು ಜವಾನನ ಹತ್ತಿರ ಹೋದೆ. "ಇವರನ್ನ ಬಿಡ್ರಿ. ಕೂಲಿ ಜ್ವಾಳ ಅದು. ಈ ದಾರಿ ಬರದಾಂವ ನಾನ. ಇದು ಸೈಕಲ್ಲಿನ ಸಲುವಾಗಿ ಬರದದ್ದು."

ಜವಾನ ಎದ್ದು ನಿಂತ. ಕೆಟ್ಟವನಲ್ಲ. ಮರ್ಯಾದೆಯಿಂದಲೇ ಮಾತಾಡಿದ. "ನೀವೇನ್ರಿ ಬರದದ್ದು? ಭಾಳ ಚಂದ ಬರದೀರಿ. ಹಿಂದ ನಮಗ ದಾರೀನ ಗೊತ್ತಿರಲಿಲ್ಲ ನೋಡ್ರಿ, ಬರೇ ದೊಡ್ಡ ಸಡಕಿನ ಮ್ಯಾಲೆ ಬಿಸಿಲಾಗ ಕುಂಡ್ರತಿದ್ವಿ. ಬ್ಯಾರೆ ದಾರಿ ಇನ್ನಾ ಯಾವುದರೆ ಉಳದಾವೇನ್ರಿ? ಹೇಳಿದ್ರ ಅಲ್ಲೂ ಒಂದು ಬೊಂಬು ಹಾಕ್ತೀವಿ."

ಹೆಂಗಸರೆಲ್ಲ ನನ್ನನ್ನು ನೋಡಿದರು. ಹನುಮವ್ವ ನಿಧಾನವಾಗಿ ಕಟ್ಟಿಗೆ ಕೂಡಿಸಿ ಮತ್ತೆ ಹೊರೆ ಕಟ್ಟತೊಡಗಿದಳು. ನಾನು ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಹಗ್ಗದ ಒಂದು ತುದಿ ಹಿಡಿದುಕೊಳ್ಳಲು ಕೈ ಚಾಚಿದೆ. ಆಕೆ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಯಕ್ಕಾ, ಹಿಂಗಾಗತದ ಅಂತ ನನಗ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ" ಎಂದಳು. "ತವರಿನಾಂವ ಅಂತ ತೋರಿಸಿದ್ದೆ."

ಜೋಳ ಹೋಯಿತು, ಹೆಂಗಸರನ್ನು ಬಿಟ್ಟರು. ಬರಿ ಕಟ್ಟಿಗೆ ಹೊತ್ತು ಅವರು ಮಲ್ಲಟದ ಕಡೆಗೆ ತಿರುಗಿದರು. ಆ ಕಟ್ಟಿಗೆಯನ್ನು ಅಷ್ಟು ದೂರ ಮತ್ತೆ ಹಿಂದಕ್ಕೆ ಹೊರುವ ಅಗತ್ಯವೇ ಇರಲಿಲ್ಲ. ಆದರೂ ಹೊತ್ತರು.

ನಾನು ಚೀಲ ಸಮೇತ ದಫ್ತರಕ್ಕೆ ಮರಳಿ ನರಸಿಂಗರಾಯರ ಮುಂದೆ ನಿಂತೆ. ನಡೆದದ್ದನ್ನೆಲ್ಲ ಹೇಳಿ, ಪಟ್ಟಿಯಿಂದ ಮಲ್ಲಟದ ದಾರಿ ತೆಗೆಯಬೇಕೆಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಏನಂತ ಬರದು ತಗೀತಿ?"

"ದಾರಿ ಕೆಟ್ಟದ, ಸೈಕಲ್ಲಿಗೆ ಬರೂದಿಲ್ಲ ಅಂತ."

"ಸಾಹೇಬ್ರು ಖುದ್ದು ಹೋಗಿ ಬಂದಾರಲ್ಲಪಾ. ಅವರ ಸೈಕಲ್ಲು ಸುಳ್ಳು ಹೇಳತದೇನು?"

ನಾನು ಚೀಲವನ್ನು ನೆಲಕ್ಕೆ ಇಳಿಸಿದೆ.

"ನೋಡು ಅಮರೇಶ" ಎಂದರು ರಾಯರು, ದನಿ ತಗ್ಗಿಸಿ. "ನನಗ ಖುಷಿ ಆಗೇದ ಅಂತ ತಿಳೀಬ್ಯಾಡ. ಅವರು ನಕಲು ಕೇಳಿದ್ರು, ಕೊಟ್ಟೆ. ಕೊಡಂಗಿಲ್ಲ ಅನ್ನಲಿಕ್ಕೆ ನನಗೇನು ಅಧಿಕಾರ ಅದ? ಕಾಗದ ಒಂದು ಸಲ ಬಾಗಿಲು ದಾಟಿತು ಅಂದ್ರ ಅದಕ್ಕ ತಾಯಿ ತಂದಿ ಇರೂದಿಲ್ಲ."

ಅದಾದ ಮೇಲಿನ ಬೇಸಿಗೆ ನನಗೆ ಒಂದು ಉದ್ದನೆಯ ಪಂಕ್ಚರಿನ ಹಾಗೆ ನೆನಪಿದೆ. ಪಟ್ಟಿಯಲ್ಲಿದ್ದ ಎಲ್ಲ ದಾರಿಗಳಿಗೂ ಬೊಂಬು ಬಂತು. ನಾಕೆ ಬಂದ ಮೇಲೆ ಹಳ್ಳಿಯವರು ಆ ದಾರಿಗಳಲ್ಲಿ ಜಾಲಿಯ ಮುಳ್ಳು ಕಡಿದು ಹಾಕತೊಡಗಿದರು. ಯಾರಿಗೆಂದು ಹಾಕಿದರೋ, ತಗಲುತ್ತಿದ್ದುದು ಮಾತ್ರ ನಮ್ಮ ಗಾಲಿಗಳಿಗೆ. ಬಿಸಿಲಿನಲ್ಲಿ ಸೈಕಲ್ಲು ಬೋರಲು ಹಾಕಿ, ಟ್ಯೂಬು ತೆಗೆದು, ಎಂಜಲು ಹಚ್ಚಿ ತೂತು ಹುಡುಕುತ್ತ ಕೂತಾಗ ಯಾರಿಗೆ ಬೈಯಬೇಕೆಂದು ತಿಳಿಯುತ್ತಿರಲಿಲ್ಲ. ಮುಳ್ಳು ಹಾಕಿದವರಿಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ಸಲೂಷನ್ನಿನ ಡಬ್ಬಿಗೇ ಬೈಯುತ್ತಿದ್ದೆ.

"ಇಷ್ಟು ಪಂಕ್ಚರ್ ನನ್ನ ಉಮರಿನಾಗ ನೋಡಿಲ್ಲ" ಎಂದರು ಇಮಾಮಸಾಬ. "ಏನ್ ಮಾಡೀದಿ ಬೇಟಾ ಆ ಜನಕ್ಕ?"

ಹೇಳಿದೆ. ಅವರು ತೇಪೆಯ ಮೇಲೆ ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ಬಡಿಯುತ್ತ ಕೇಳಿಸಿಕೊಂಡರು. ಆ ದಿನದಿಂದ ನನಗೆ ಬೇಟಾ ಅನ್ನುವುದನ್ನು ಬಿಟ್ಟರೋ, ಅಥವಾ ನನಗೇ ಹಾಗೆ ಅನ್ನಿಸಿತೋ, ಗೊತ್ತಿಲ್ಲ.

ಯುಗಾದಿಯಾದ ಮೇಲೆ ನಮ್ಮ ದಫ್ತರದ ಜವಾನರು ಗರಸಿನ ದಾರಿಗಳನ್ನು ಬಿಟ್ಟು ಮತ್ತೆ ದೊಡ್ಡ ಸಡಕಿಗೇ ಹೋದರು. ಮುಳ್ಳಿಗಿಂತ ಲಾರಿಯೇ ವಾಸಿ ಎಂದರು. ಯಾವ ಸೈಕಲ್ಲಿಗಾಗಿ ನಾನು ಆ ಪಟ್ಟಿ ಮಾಡಿದ್ದೆನೋ, ಆ ಸೈಕಲ್ಲು ಒಂದೂ ಮುಂದೆ ಅಲ್ಲಿ ಓಡಲಿಲ್ಲ. ಬೊಂಬುಗಳು ಮಾತ್ರ ಉಳಿದವು. ಪಟ್ಟಿ ಕೆಲಸಕ್ಕೆ ಬಾರದೆ ಹೋಯಿತೆಂದು ಯಾರೂ ಬರೆಯಲಿಲ್ಲ. ಪಟ್ಟಿ ಚೆನ್ನಾಗಿದೆಯೆಂದು ಬರೆದಿದ್ದ ಕಾಗದ ಆಗಲೇ ಮೇಲಕ್ಕೆ ಹೋಗಿತ್ತು. ಅದರ ಉತ್ತರವಾಗಿ ನನ್ನ ಕಾಯಂ ಹುಕುಂ ಬಂತು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅವ್ವ ಗಿಲ್ಲೆಸುಗೂರಿನಲ್ಲಿ ಇಡೀ ಓಣಿಗೆ ಸಕ್ಕರೆ ಹಂಚಿದಳು.

ಆ ಸಲದ ರೇಷನ್ನಿನಲ್ಲಿ ನನಗೆ ಬಂದ ಕಾಳನ್ನು ಹಾಗೆಯೇ ಗಂಟು ಕಟ್ಟಿಕೊಂಡು, ಹತ್ತಿ ಗಿರಣಿಯ ಹಿಂದಿನ ಓಣಿಗೆ ಹೋದೆ. ಹನುಮವ್ವನ ಮಗಳು ದುರುಗವ್ವನ ಮನೆ ಯಾವುದು ಎಂದು ಕೇಳುತ್ತ ಹೋದೆ. ನಾಲ್ಕು ಜನ ಗೊತ್ತಿಲ್ಲ ಎಂದರು, ಐದನೆಯವರು ತೋರಿಸಿದರು. ತಗಡಿನ ಬಾಗಿಲು ತೆರೆದೇ ಇತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು.

ಒಲೆಯ ಮುಂದೆ ಕೂತಿದ್ದವಳು ಹನುಮವ್ವ. ಮೂಲೆಯಲ್ಲಿ ಮಗಳು ಕೂಸಿಗೆ ಹಾಲೂಡಿಸುತ್ತಿದ್ದಳು. ಗೋಡೆಗೆ ಒರಗಿಸಿಟ್ಟಿದ್ದ ಗಂಟಿನಿಂದ ಬಿಳಿಜೋಳ ಕಾಣುತ್ತಿತ್ತು. ರೇಷನ್ನಿನ ಕಾಳು ಅಂಥದ್ದಿರಲಿಲ್ಲ. ಅದು ಮಲ್ಲಟದ ಜೋಳ.

ನಾನು ಹೊಸ್ತಿಲಿನಲ್ಲಿಯೇ ನಿಂತೆ. ಆಕೆ ತಲೆಯೆತ್ತಿ ನೋಡಿದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ತಂದ ಗಂಟನ್ನು ನೋಡಿ, "ಅದನ್ನ ಒಯ್ಯಿ. ನಮಗ ಬಂದದ" ಎಂದಳು. ಆಮೇಲೆ ಒಂದು ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನ್ನ ಕಡೆಗೆ ಚಾಚಿದಳು. "ತಿನ್ನು. ಹಸದ ಮುಖ ಕಾಣತದ."

ಹೊಸ್ತಿಲ ಮೇಲೆ ಕೂತು ತಿಂದೆ. ನನಗೆ ನಿಜವಾಗಿಯೂ ಹಸಿವಾಗಿತ್ತು. ತಿನ್ನುತ್ತಿರುವಾಗ ಅವಳ ಪಾದಗಳ ಮೇಲೆ ಕಣ್ಣು ಹೋಯಿತು. ಹಿಮ್ಮಡಿಗೆ ಕರಿಮಣ್ಣು ಮೆತ್ತಿತ್ತು. ಅದರ ಮೇಲೆ ಕೆಂಪು ಧೂಳು, ಬೆರಳ ಸಂದಿಯಲ್ಲಿ ಬಿಳಿ ಉಸುಕು. ಮಲ್ಲಟದಿಂದ ರಾಯಚೂರಿನವರೆಗಿನ ಪ್ರತಿಯೊಂದು ದಾರಿಯೂ, ಪ್ರತಿಯೊಂದು ನಾಕೆಯೂ ನನ್ನ ತಲೆಯಲ್ಲಿತ್ತು. ಮನಸ್ಸಿನಲ್ಲಿಯೇ ಒಂದೊಂದನ್ನೂ ಹಿಡಿದು ನಡೆದು ನೋಡಿದೆ. ಈ ಮೂರು ಮಣ್ಣು ಹೀಗೆ ಒಂದರ ಮೇಲೊಂದು ಬರುವ ದಾರಿ ನನ್ನ ಪಟ್ಟಿಯಲ್ಲಿ ಇರಲಿಲ್ಲ.

"ಯಾವ ದಾರಿ ಹಿಡದು ಬಂದಿ ಯಕ್ಕಾ?" ಎಂದೆ. ಬಾಯಿಂದ ಹೊರಬಿದ್ದ ಮೇಲೆ, ಕೇಳಬಾರದಿತ್ತು ಎನ್ನಿಸಿತು.

ಹನುಮವ್ವ ಇನ್ನೊಂದು ಹಿಟ್ಟಿನ ಮುದ್ದೆ ತೆಗೆದುಕೊಂಡು ಬಡಿಯತೊಡಗಿದಳು. ರೊಟ್ಟಿ ತೆಳ್ಳಗಾಗುವವರೆಗೆ ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು.

"ಇನ್ನೊಂದು ಹಾಕಲೇನು?" ಎಂದಳು.

ಹಾಕಿಸಿಕೊಂಡು ತಿಂದೆ. ಮತ್ತೆ ಕೇಳಲಿಲ್ಲ.

ಯುದ್ಧ ಮುಗಿಯಿತು, ರಾಜ್ಯ ಬದಲಾಯಿತು, ನಾಕೆಗಳು ಹೋದವು. ಆ ಗರಸಿನ ದಾರಿಗಳಲ್ಲಿ ಕೆಲವಕ್ಕೆ ಡಾಂಬರು ಬಿತ್ತು, ಕೆಲವು ಹೊಲಗಳೊಳಗೆ ಸೇರಿದವು. ನಾನು ಆ ದಫ್ತರದಲ್ಲಿಯೇ ಕೆಲಸ ಮಾಡಿ ನಿವೃತ್ತನಾದೆ. ಎಷ್ಟೋ ವರ್ಷ ರಜೆಯ ದಿನ ಸಿಕ್ಕಿದರೆ ಸೈಕಲ್ ಹತ್ತಿ ಗುಡ್ಡದ ಹಿಂದೆ, ಕೆರೆಯ ಆಚೆ, ಹಳ್ಳದ ದಂಡೆಗುಂಟ ಹೋಗುತ್ತಿದ್ದೆ. ಎಲ್ಲಿಗೆ ಎಂದು ಹೆಂಡತಿ ಕೇಳಿದರೆ ಸುಮ್ಮನೆ ಎನ್ನುತ್ತಿದ್ದೆ. ಕರಿಮಣ್ಣಿನಿಂದ ಕೆಂಪು ಗರಸಿಗೆ, ಗರಸಿನಿಂದ ಬಿಳಿ ಉಸುಕಿಗೆ ಇಳಿಯುವ ಒಂದು ದಾರಿಯನ್ನು ಹುಡುಕುತ್ತಿದ್ದೆ. ಸಿಗಲಿಲ್ಲ.